ಮಧುನಾಶಿನಿ ಅಗಿದು ಕಜ್ಜಾಯ ತಿಂದ ತಾತ

ಅಕ್ಟೋಬರ್ ೨೦, ೧೯೬೩, ಭಾನುವಾರ. ನಾನು ದಿಬ್ಬೂರಹಳ್ಳಿಗೆ ಹೋದದ್ದು ಒಂದೇ ಕೆಲಸಕ್ಕೆ: ತಾತನ ಮೂತ್ರದಲ್ಲಿ ಸಕ್ಕರೆ ಇದೆಯೇ, ಇಲ್ಲವೇ ಎಂದು ಪರೀಕ್ಷಿಸಲು.

ಬಿ.ಎಸ್ಸಿ. ತರಗತಿಗೆ ನಾನೇ ಮೊದಲು. ಪ್ರಯೋಗಶಾಲೆಯಿಂದ ಗಾಜಿನ ನಳಿಕೆಯನ್ನೂ ಸಕ್ಕರೆ ಹೆಚ್ಚಿದಷ್ಟೂ ಕೆಂಪಿಗೆ ತಿರುಗುವ ಬೆನೆಡಿಕ್ಟ್ ದ್ರಾವಣವನ್ನೂ ಊರಿಗೆ ಒಯ್ಯುವ ಅನುಮತಿ ದೊರೆತದ್ದು ನನಗೊಬ್ಬಳಿಗೆ.

ತಾತನಿಗೆ ಸಕ್ಕರೆ ಕಾಯಿಲೆ. ಆರು ತಿಂಗಳ ಹಿಂದೆ ಇಂಜೆಕ್ಷನ್ ನಿಲ್ಲಿಸಿ, ಅಂಬಾಜಿದುರ್ಗದ ಕಡೆಯ ನಾಟಿ ವೈದ್ಯೆಯೊಬ್ಬರು ಕೊಟ್ಟ ಮಧುನಾಶಿನಿ ಎಲೆಯನ್ನು ಅಗಿಯತೊಡಗಿದ್ದರು. ಕಾಯಿಲೆ ವಾಸಿಯಾಯಿತೆಂದು ಊರಿಗೆಲ್ಲ ಹೇಳಿಯೂ ಇದ್ದರು.

ಎಲೆಯ ಗುಣ ಸುಳ್ಳಲ್ಲ. ನಾನೇ ಒಂದನ್ನು ಅಗಿದು ಬೆಲ್ಲ ಬಾಯಿಗೆ ಹಾಕಿಕೊಂಡೆ... ಸಿಹಿಯೇ ಇಲ್ಲ, ಒದ್ದೆ ಮಣ್ಣು.

ಆದರೆ ತಾತ ಎಲೆ ಅಗಿದ ಮೇಲೆ ಎರಡು ಕಜ್ಜಾಯ ತಿಂದರು. ಅಡುಗೆಮನೆಯಿಂದ ಅಜ್ಜಿ, ಹಬ್ಬದಿಂದ ದಿನಾ ಇದೇ ಲೆಕ್ಕವೆಂದು ಚುಚ್ಚಿದರು.

“ನಾಲಿಗೆಗೇ ಸಿಹಿ ಗೊತ್ತಾಗ್ದೆ ಇದ್ಮೇಲೆ, ಮೈಗೆ ಹೆಂಗಮ್ಮ ಗೊತ್ತಾಗತ್ತೆ?” ಎಂದರು ತಾತ.

ರುಚಿಯೇ ಇಲ್ಲದ್ದನ್ನು ಏಕೆ ತಿನ್ನುತ್ತೀರಿ ಎಂದು ಕೇಳಿದೆ. ನಾಲ್ಕು ಜನ ಕುಳಿತು ತಿನ್ನುವಾಗ ತಾನೊಬ್ಬನೇ ರೋಗಿಯಂತೆ ಬೇಡ ಎನ್ನಬೇಕೇ ಎಂದರು. ಸಿಹಿ ಮುಟ್ಟಬಾರದೆಂದು ವೈದ್ಯೆಯೂ ಹೇಳಿದ್ದರಂತೆ. ತಾತ ಆ ಮಾತನ್ನು ಬಿಟ್ಟು ಎಲೆಯನ್ನು ಮಾತ್ರ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಬಾಷಾ ಸಾಬರು ಬಂದು ಜಗಲಿಯ ಮೇಲೆ ಕುಳಿತರು. ರೇಷ್ಮೆ ನೂಲು ತೆಗೆಯುವವರು. ಅವರಿಗೂ ಅದೇ ಕಾಯಿಲೆ, ಕಾಲ್ಬೆರಳಿನಲ್ಲಿ ಮಾಯದ ಗಾಯ. ಸಕ್ಕರೆ ಇಲ್ಲದಿದ್ದರೆ ದ್ರಾವಣ ನೀಲಿಯಾಗಿಯೇ ಉಳಿಯುತ್ತದೆಂದು ತಾತ ಅವರಿಗೆ ಮೊದಲೇ ತಿಳಿಸಿದ್ದರು.

“ನೀಲಿ ಬಂತು ಅಂದ್ರೆ ನಾಳೆಯಿಂದ ನನ್ ಸೂಜೀನೂ ಬಂದ್, ಬೇಟಿ,” ಎಂದರು ಸಾಬರು.

ಹಿತ್ತಿಲಿನಲ್ಲಿ ಸ್ಪಿರಿಟ್ ದೀಪ ಹಚ್ಚುತ್ತೇನೆ. ದ್ರಾವಣಕ್ಕೆ ಎಂಟು ಹನಿ ಮೂತ್ರ. ತಾತ ಪಕ್ಕದಲ್ಲೇ ನಿಂತಿದ್ದಾರೆ.

ನೀಲಿ ಹಸಿರಾಗುತ್ತದೆ. ಹಳದಿ... ಆಮೇಲೆ ಇಟ್ಟಿಗೆಯ ಕೆಂಪು.

ಇನ್ನೊಮ್ಮೆ ಮಾಡು ಎಂದರು. ಮಾಡಿದೆ. ಅದೇ ಕೆಂಪು.

ತಾತ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದರು. ನನ್ನನ್ನು ಕಾಲೇಜಿಗೆ ಕಳಿಸಲೇಬೇಕೆಂದು ಮನೆಯವರೊಡನೆ ಜಗಳವಾಡಿದವರು ಇವರೇ.

“ನಾಳೆಯಿಂದ ನಾನು ಸೂಜಿ ಹಾಕಿಸ್ಕೋತೀನಿ, ಯಾರಿಗೂ ಗೊತ್ತಾಗೋದು ಬೇಡ. ಅವ್ರಿಗೆ ಮಾತ್ರ ನೀಲಿ ಅಂತ ಹೇಳ್ಬಿಡಮ್ಮ.”

“ನೀಲಿ ಅಂತ ಹೇಳಲ್ಲ ತಾತ,” ಎಂದೆ.