ದಿಬ್ಬದ ಮೇಲೆ ನಾನು ತೋಡಿಸಿದ ಸಂಡಾಸು

ಹಲಬರ್ಗಾ ಊರಿನ ಅಯ್ಯುಬ ಬೀದರ ಜಿಲ್ಲೆಯ ಭಾಲ್ಕಿ, ಔರಾದ ಕಡೆ ಬಾವಿ ತೋಡಿ ಬದುಕಿದವನು. ಎಷ್ಟು ಬಾವಿ ತೋಡಿದ್ದೀ ಎಂದು ಕೇಳಿದರೆ, ನೀರು ಬಿದ್ದವು ನಲವತ್ತೊಂದು, ಬೀಳದವು ಆರು ಎನ್ನುತ್ತಿದ್ದ. ಬೀಳದವನ್ನು ಮುಚ್ಚಿಡುತ್ತಿರಲಿಲ್ಲ. ನಾನು ಇಡೀ ಜನ್ಮದಲ್ಲಿ ತೋಡಿಸಿದ್ದು ಒಂದೇ ತಗ್ಗು. ಅದರಿಂದ ಅವನು ಸಾಯುವುದರಲ್ಲಿದ್ದ. ಹೀಗಾಗಿ ಅವನ ಕಥೆ ಹೇಳಹೊರಟರೆ ನನ್ನ ಜಾಣತನವನ್ನೂ ಹೇಳದೆ ಗತಿಯಿಲ್ಲ.

ಪೊಲೀಸ್ ಆಕ್ಷನ್ ಆದ ವರ್ಷ. ನನಗೆ ಇಪ್ಪತ್ತೆರಡು. ಬೀದರದಿಂದ ಜನವಾಡಕ್ಕೆ ಹೋಗುವ ದಾರಿಯಲ್ಲಿ ನಮ್ಮ ಪೇರಲ ತೋಟ, ಅದರೊಳಗೇ ಮನೆ, ತೋಟಕ್ಕೆ ಹತ್ತಿಕೊಂಡು ಒಂದು ಹಳೆಯ ಕುದುರೆ ಲಾಯ. ನಿಜಾಮನ ರಾಜ್ಯ ಹೋದ ಮೇಲೆ ಆ ಲಾಯಕ್ಕೆ ತಂತಿ ಬಿಗಿದು ನೂರಾ ಎಂಬತ್ತು ಮಂದಿಯನ್ನು ಕೂಡಿಹಾಕಿದರು. ಎಲ್ಲರೂ ನಿಜಾಮನ ಪರ ಹೊಡೆದಾಡಿದ ರಜಾಕಾರರು ಎಂದರು. ಕೆಲವರು ಹೌದು. ಅಯ್ಯುಬ ರಜಾಕಾರರ ಠಾಣೆಗೆ ಒಂದು ಬಾವಿ ತೋಡಿಕೊಟ್ಟಿದ್ದ, ಅಷ್ಟೇ. ಅದೂ ನೀರು ಬೀಳದ ಆರರಲ್ಲಿ ಒಂದು.

ಅವರಿಗೆ ಕುಡಿಯುವ ನೀರು ನಮ್ಮ ಬಾವಿಯದು. ದಿನಾ ಬೆಳಿಗ್ಗೆ ಎಂಟು ಮಂದಿ ಪೊಲೀಸನ ಹಿಂದೆ ಬಂದು ಸೇದಿಕೊಂಡು ಹೋಗುತ್ತಿದ್ದರು. ಅಯ್ಯುಬ ಆ ಎಂಟರಲ್ಲಿ ಒಬ್ಬ. ಅವರ ಸಂಡಾಸು ಬಾವಿಯಿಂದ ಕೆಳಗೆ, ನಮ್ಮ ಬೇಲಿಗೆ ಹನ್ನೆರಡು ಹೆಜ್ಜೆಯಲ್ಲಿ ತೋಡಿದ ಉದ್ದನೆಯ ತಗ್ಗು. ನಾನು ಲಿಂಗಪೂಜೆಗೆ ಕುಳಿತರೆ ವಿಭೂತಿ ಹಚ್ಚುವುದಕ್ಕೂ ಮೂಗು ಬಿಡುವಂತಿರಲಿಲ್ಲ. ಹತ್ತು ದಿನ ತಡೆದೆ. ಹನ್ನೊಂದನೆಯ ದಿನ ಸೆರಗು ಬಿಗಿದುಕೊಂಡು ಲಾಯದ ಕಾವಲಿಗಿದ್ದ ಜಮಾದಾರ ಮಾಣಿಕರಾವನ ಮುಂದೆ ನಿಂತೆ. ಅವನು ಸೊಲ್ಲಾಪುರ ಕಡೆಯವನು, ಹೆಂಗಸರನ್ನೆಲ್ಲ 'ಬಾಯಿ' ಎಂದೇ ಕರೆಯುತ್ತಿದ್ದ.

"ನಿಮಗ ಮೂಗ ಅದನೋ ಇಲ್ಲೋ? ಆ ತಗ್ಗು ಮುಚ್ಚಿಸ್ರಿ."

"ಮುಚ್ಚಿಸಿ ಎಲ್ಲಿ ತೋಡಿಸಲಿ ಬಾಯಿ, ನಿಮ್ಮ ಅಡಗಿಮನ್ಯಾಗ?"

"ಮ್ಯಾಲ ದಿಬ್ಬ ಇಲ್ಲೇನ್ರಿ? ಅಲ್ಲಿ ಗಾಳಿ ಆಚಿಗಿ ಹೋಗ್ತದ."

ಅವನು ಒಪ್ಪಿಬಿಟ್ಟ. ಸರಕಾರವನ್ನು ಸೋಲಿಸಿ ಬಂದವಳಂತೆ ನಾನು ಮನೆಗೆ ಬಂದು ನಮ್ಮವರಿಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿಸಿದೆ.

ಮರುದಿನ ದಿಬ್ಬದ ಮೇಲೆ ಅಗೆಯಲು ಹಚ್ಚಿದ್ದು ಅಯ್ಯುಬನನ್ನೇ. ಅವನು ಒಂದು ಮೊಳ ಅಗೆದು ಗುದ್ದಲಿ ಇಟ್ಟು ಬೇಲಿಯ ಹತ್ತಿರ ಬಂದ.

"ಅಕ್ಕಾವರ, ಇದು ಬ್ಯಾಡ್ರಿ. ನಮ್ಮ ಬೀದರದ ಕೆಂಪು ಕಲ್ಲು ಜೇನಗೂಡಿನಂಗ ತೂತು ತೂತು. ಇಲ್ಲಿ ಹೊಯ್ದದ್ದು ನಿಮ್ಮ ಬಾವಿಗಿ ನಡಕೋತ ಹೋಗ್ತದ."

"ದಿಬ್ಬದಿಂದ ನೂರಾ ನಲವತ್ತು ಹೆಜ್ಜಿ ಅದ. ನಾ ಅಳದೀನಿ."

"ನೀರು ಹೆಜ್ಜಿ ಎಣಸಂಗಿಲ್ಲರಿ."

ಒಳಗೆ ಬಂದು ನಮ್ಮವರಿಗೆ, "ಜೇಲಿನ್ಯಾಂವ ನನಗ ಶಾಣ್ಯಾತನ ಕಲಸ್ತಾನ" ಎಂದು ನಕ್ಕೆ.

ಜಮಾದಾರ ತಗ್ಗನ್ನು ಅಲ್ಲೇ ತೋಡಿಸಿದ. ಅದಾದ ಹದಿನಾರನೆಯ ದಿನ ನಮ್ಮವರಿಗೆ ಭೇದಿ ಹತ್ತಿತು. ಲಾಯದಲ್ಲೂ ಹತ್ತಿತು. ನಾನು ನೀರನ್ನು ನಾಲ್ಕು ಪದರ ಅರಿವೆಯಲ್ಲಿ ಸೋಸಿದೆ. ನಿಲ್ಲಲಿಲ್ಲ. ಐದು ಪದರ ಮಾಡಿದೆ. ಬಾವಿಯಲ್ಲಿ ಪಾರಿವಾಳ ಸತ್ತಿರಬೇಕೆಂದು, ನಿಲ್ಲಲಾರದ ಗಂಡನನ್ನು ಹಗ್ಗ ಕಟ್ಟಿ ಇಳಿಸಿದೆ. ಪಾರಿವಾಳ ಇರಲಿಲ್ಲ. ದಿಬ್ಬದ ಕಡೆ ಮಾತ್ರ ಕಣ್ಣೆತ್ತಿ ನೋಡಲಿಲ್ಲ. ನೋಡಿದರೆ ಮತ್ತೆ ಜಮಾದಾರನ ಹತ್ತಿರ ಹೋಗಿ ತಪ್ಪಾಯಿತು ಎನ್ನಬೇಕಲ್ಲ! ಹೀಗೆ ನಾಲ್ಕು ದಿನ ಕಳೆದೆ. ಆ ನಾಲ್ಕು ದಿನಗಳಲ್ಲಿ ಲಾಯದಲ್ಲಿ ಇಬ್ಬರು ತೀರಿಕೊಂಡರು. ಅವರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಐದನೆಯ ದಿನ ನೀರಿಗೆ ಬಂದವರು ಮೂವರೇ. ಅಯ್ಯುಬ ಇರಲಿಲ್ಲ. ಅವನ ಹೆಂಡತಿ ವಜೀರಬೀ ಹಲಬರ್ಗಾದಿಂದ ರೊಟ್ಟಿ ಕಟ್ಟಿಕೊಂಡು ನಡೆದು ಬಂದಿದ್ದಳು. ಗಂಡನನ್ನು ನೋಡಿ ಬಂದು ನಮ್ಮ ಪೇರಲ ಗಿಡದ ಕೆಳಗೆ ಕುಸಿದಳು.

"ಮುಂಜಾನಿಂದ ಹನ್ನೊಂದ ಸಲ ಆಗ್ಯದ ಅವರಿಗಿ. ಕಣ್ಣು ಒಳಗ ಹೋಗ್ಯಾವ. ಇನ್ನ ಎರಡ ದಿನ ಹಿಂಗ ನಡದ್ರ ಉಳಿಯಂಗಿಲ್ಲ ಅಂತಾರ. ಅಕ್ಕಾ, ನನಗ ಒಂದ ಚರಿಗಿ ನೀರ ಕೊಡ್ರಿ."

ಚರಿಗೆ ತುಂಬಿದೆ. ಕೈ ಮುಂದೆ ಹೋಗಲಿಲ್ಲ.

"ಯಾಕ್ರಿ, ನೀರಿಗೂ ಜಮಾದಾರನ ಪರ್ವಾನಗಿ ಬೇಕೇನು?"

ನಾನು ಚರಿಗೆಯನ್ನು ನೆಲಕ್ಕೆ ಚೆಲ್ಲಿ, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ಬೈಯುತ್ತಾಳೆಂದು ಕಾದೆ. ಅವಳು ಹಣೆ ಚಚ್ಚಿಕೊಂಡು, "ಅವರಿಗಿ ಗೊತ್ತದ. ನೀರಡಿಕ್ಯಾಗ ನಾನೇ ಮರತಿದ್ದೆ. ದಿಬ್ಬದ ತಗ್ಗಿನಾಗ ಚಿಮಣಿ ಎಣ್ಣಿ ಸುರೀರಿ ಅಂತ ನಿಮಗ ಹೇಳಂದಾರ. ಬಾವ್ಯಾಗ ಅದರ ನಾತ ಬಂದ್ರ ಜಮಾದಾರ ನಂಬತಾನಂತ" ಎಂದಳು.

ದೀಪಕ್ಕೆಂದು ಇಟ್ಟ ಎರಡು ಡಬ್ಬಿ ಎಣ್ಣೆಯನ್ನೂ ಹೊತ್ತು ದಿಬ್ಬ ಹತ್ತಿ ಸುರಿದೆ. ಮರುದಿನ ಬಾವಿಯ ನೀರು ಚಿಮಣಿಯ ಹಾಗೆ ನಾರುತ್ತಿತ್ತು. ಕೊಡ ತುಂಬಿ ಮಾಣಿಕರಾವನ ಮೂಗಿಗೆ ಹಿಡಿದೆ.

"ಇದೇನು ಬಾಯಿ? ಮೊದಲ ಗಾಳಿ ಅಂದ್ರಿ, ಈಗ ನೀರು ಅಂತೀರಿ. ನಾಳಿಗಿ ಬೆಂಕಿ ತರ್ತೀರೇನು?"

"ದಿಬ್ಬದ ಮ್ಯಾಲ ಸುರದ ಎಣ್ಣಿ ಇದು. ಅಲ್ಲಿಂದ ಎಣ್ಣಿ ಒಂದೇ ಬರ್ತದೇನ್ರಿ? ತಪ್ಪು ನಂದು. ಹೊಲಸು ತೆಗಸ್ರಿ."

ಅವನು ಎರಡು ಸಲ ಮೂಸಿ ಕೊಡವನ್ನು ಕೆಳಗಿಟ್ಟ. ಆ ಹೊತ್ತೇ ನಮ್ಮ ಎತ್ತಿನ ಗಾಡಿಯಲ್ಲಿ ಜನವಾಡದಿಂದ ನೀರು ತರಿಸಿದ. ದಿಬ್ಬದ ಹೊಲಸನ್ನು ತೆಗೆಸಿ ಸುಣ್ಣ ಹಾಕಿ ಮುಚ್ಚಿಸಿದ. ಸಂಡಾಸು ಮತ್ತೆ ಕೆಳಗೆ, ನಮ್ಮ ಬೇಲಿಯ ಹತ್ತಿರಕ್ಕೆ ಬಂತು. ಈ ಸಲ ಜಾಗ ತೋರಿಸಿದ್ದು ಅಯ್ಯುಬ, ಹೊರಸಿನ ಮೇಲೆ ಮಲಗಿಕೊಂಡೇ ಬೆರಳು ಚಾಚಿ. ಬಾವಿಯನ್ನು ಒಂಬತ್ತು ಸಲ ಬರಿದು ಮಾಡಿಸಿದ್ದೂ ಅವನೇ. ಅಷ್ಟಾದರೂ ಜಮಾದಾರನಿಗೆ ನನ್ನ ಮೇಲೆ ನಂಬಿಕೆ ಬರಲಿಲ್ಲ. "ಮೊದಲ ಈ ಬಾಯಿ ಕುಡೀಲಿ, ಆಮ್ಯಾಲ ಕೈದಿಗಳು" ಎಂದು ಹುಕುಂ ಮಾಡಿದ.

ಮೊದಲ ದಿನ ಎಲ್ಲರೂ ತಂತಿಯ ಆಚೆ ಸಾಲಾಗಿ ನಿಂತು ನೋಡಿದರು. ನಾನು ಈಚೆ ನಿಂತು ಒಂದು ಚರಿಗೆ ಕುಡಿದೆ. ಮದುವೆಯಲ್ಲೂ ನನ್ನನ್ನು ಅಷ್ಟು ಮಂದಿ ನೋಡಿರಲಿಲ್ಲ. ಅಯ್ಯುಬ ವಜೀರಬೀಯ ಹೆಗಲು ಹಿಡಿದು ಬಂದು ಕುಳಿತ. ಕೈಯಲ್ಲಿ ಖಾಲಿ ಲೋಟ.

"ಕುಡದು ಎಷ್ಟೊತ್ತಾತರಿ ಅಕ್ಕಾವರ?"

"ಒಂದ ತಾಸಾತಪ್ಪ."

"ಹೊಟ್ಟಿ?"

"ಗಟ್ಟಿ ಅದ."

"ಇನ್ನೂ ಒಂದ ತಾಸು ಕೂಡ್ರಿ. ಆಮ್ಯಾಲ ನೋಡೋಣು."

ನಾನು ಬಿಸಿಲಲ್ಲಿ ಇನ್ನೊಂದು ತಾಸು ಕುಳಿತೆ. ಆಮೇಲೆ ಅವನು ಲೋಟ ಚಾಚಿದ.