ತಲೆ ನೋಡುವ ಚನ್ನಕ್ಕ

ಪರದೇಶದ ಡ್ಯಾಂಡಿನಾಂಗ್ ಊರಲ್ಲಿರುವ ಚನ್ನಕ್ಕ ಯಾರನ್ನು ಕಂಡರೂ ಮೊದಲು ತಲೆ ನೋಡುತ್ತಾಳೆ, ಮುಖ ಆಮೇಲೆ. ಧಾರವಾಡದ ಹೆಂಗಸು, ತರಕಾರಿ ಪ್ಯಾಕ್ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲಿ ಎಲ್ಲರೂ ತಲೆಗೆ ಬಲೆಯ ಟೋಪಿ ಹಾಕಬೇಕು. ಊಟದ ಹೊತ್ತಿಗೆ ಕನ್ನಡದವರ ಟೋಪಿಗಳನ್ನೆಲ್ಲ ಒಟ್ಟುಮಾಡಿ, ಒಳಗೆ ಉದುರಿದ ಕೂದಲು ನೋಡಿ ಅವಳು ತೀರ್ಪು ಕೊಡುತ್ತಾಳೆ. ಹಡೆದು ನಾಲ್ಕು ತಿಂಗಳಾದವಳಿಗೆ, “ಹೆದರಬ್ಯಾಡ, ತಾನ ನಿಲ್ತೈತಿ.” ಡಯಟ್ ಎಂದು ಸೇಬು ತಿಂದು ಬದುಕುವವಳಿಗೆ, “ಮೈಯಾಗ ರಕ್ತ ಇಲ್ಲ, ಐರನ್ ನೋಡಸು.” ಬೇಸಿಗೆಯಲ್ಲೂ ಸ್ವೆಟರ್ ಬಿಡದವಳಿಗೆ, “ಥೈರಾಯ್ಡ್ ಇರಬೇಕು, ಜಿಪಿ ಡಾಕ್ಟರ ಕಡೆ ಹೋಗು.” ಫೋರ್ಕ್‌ಲಿಫ್ಟ್ ಓಡಿಸುವ ವಿರುಪಾಕ್ಷನಿಗೆ, “ನಿಮ್ಮಪ್ಪಂದೂ ಹಿಂಗ ಬೋಳ ಇತ್ತಿಲ್ಲೋ? ತಲಿಗೆ ತಿಕ್ಕೋ ಆ ಎಣ್ಣಿ ಪಲ್ಯಾಕ್ಕ ಹಾಕು, ರುಚಿಯರ ಬರತೈತಿ.” ಅಂದಿನಿಂದ ಅವನು ಟೋಪಿಯನ್ನು ಬೂಟಿನೊಳಗೆ ಬಚ್ಚಿಡುತ್ತಾನೆ. ಮಂಗಳೂರಿನ ವಿಯೋಲಾಳೂ ಟೋಪಿ ಕೊಡುತ್ತಿರಲಿಲ್ಲ. ಗಂಡ ಕಾನ್ರಾಡ್ ತೀರಿಕೊಂಡು ಮೂರು ತಿಂಗಳಾಗಿತ್ತು. ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತಿತ್ತು, ಪೂರಾ ಬೋಳಾಗುತ್ತೇನೆಂದು ಹೆದರಿದ್ದಳು. ಒಂದು ದಿನ ಚನ್ನಕ್ಕ ಅವಳ ಟೋಪಿಯನ್ನು ಕಸಿದುಕೊಂಡೇ ನೋಡಿದಳು. ಮೇಜಿನ ಸುತ್ತ ಕುಳಿತವರು ನಗಲು ಕಾದಿದ್ದರು. “ನನಗೆ ಎಂತ ಕಾಯಿಲೆ, ಚನ್ನಕ್ಕ?” “ದುಃಖ. ನಮ್ಮ ಮನಿಯವರು ಹೋದಾಗ ನಂದೂ ಹಿಂಗ ಉದರಿತ್ತು. ಒಮ್ಮೆ ರಕ್ತ ತಪಾಸ ಮಾಡಸು, ಹೊಟ್ಟಿ ತುಂಬ ಉಣ್ಣು. ಮತ್ತ ಬರತೈತಿ.” “ನಿಮ್ಮದು ಬಂತಾ?” ಆವತ್ತಿನವರೆಗೆ ಯಾರಿಗೂ ತನ್ನ ತಲೆ ತೋರಿಸದ ಚನ್ನಕ್ಕ ಟೋಪಿ ತೆಗೆದು ಅವಳ ಮುಂದೆ ಬಗ್ಗಿದಳು. “ಕೈ ಹಾಕಿ ನೋಡು. ಅವರು ಬರಲಿಲ್ಲ, ಕೂದ್ಲ ಬಂತು.” ವಿಯೋಲಾ ಕೈ ಹಾಕಿದಳು. ಬೆರಳು ಸಿಕ್ಕಿಕೊಳ್ಳುವಷ್ಟು ದಟ್ಟವಾಗಿತ್ತು.