ಬೊರಿವಲಿಯ ಬಯಲಲ್ಲಿ ಎರಡು ರನ್

ಭಾನುವಾರ ಬೆಳಿಗ್ಗೆ ವಡಾಲದಿಂದ ದಾದರಿಗೆ ನಡೆದೇ ಹೋದೆವು. ಅಲ್ಲಿ ಮೂರನೇ ದರ್ಜೆಯ ಟಿಕೆಟ್ ತೆಗೆದುಕೊಂಡು ಬೊರಿವಲಿ ಲೋಕಲ್ ಹತ್ತಿದೆವು. ಒಂಬತ್ತು ಜನ, ಎರಡು ಬ್ಯಾಟು, ಒಂದು ಡಬ್ಬಿ ಇಡ್ಲಿ. ಇಡ್ಲಿ ನಮ್ಮ ನಾಯಕ ಶೀನಣ್ಣನವರ ಹೋಟೆಲಿನದು. ಉಡುಪಿ ಕಡೆಯ ಅವರು ಸಾಫ್ಟ್‌ಬಾಲ್ ಎಂಬ ಅಮೆರಿಕದ ಆಟವನ್ನು ಬಂದರಿನ ಗೆಳೆಯರಿಂದ ಕಲಿತದ್ದಂತೆ.

ನಾನು ಧಾರವಾಡದವನು, ಗುಮಾಸ್ತಿಕೆಗೆಂದು ಆಗಷ್ಟೇ ಮುಂಬಯಿಗೆ ಬಂದಿದ್ದೆ. ಚಾಳಿನಲ್ಲಿ ಮಾತಾಡಿಸುವವರಿರಲಿಲ್ಲ. ಶೀನಣ್ಣನವರ ತಂಡದ ಪಿಚರ್ ಜ್ವರದಿಂದ ಮಲಗಿದ್ದರಿಂದ ಚೆಂಡೆಸೆಯುವ ಕೆಲಸ ನನಗೆ ಸಿಕ್ಕಿತ್ತು. ಚೆನ್ನಾಗಿ ಆಡಿದರೆ ತಂಡದಲ್ಲಿ ಕಾಯಂ, ಇಲ್ಲವಾದರೆ ಭಾನುವಾರಗಳನ್ನು ಮತ್ತೆ ಗೋಡೆ ನೋಡುತ್ತ ಕಳೆಯಬೇಕು. ನನಗೆ ಆ ಗೋಡೆ ಸಾಕಾಗಿತ್ತು.

ಅಂಧೇರಿ ದಾಟಿದ ಮೇಲೆ ಗಾಡಿ ಖಾಲಿಯಾಯಿತು. ಶೀನಣ್ಣ ನಿಯಮಗಳನ್ನು ಇನ್ನೊಮ್ಮೆ ಹೇಳಿದರು. ಬ್ಯಾಟಿಗೆ ತಗುಲಿ ಹಿಂದಕ್ಕೆ ಹೋದ ಚೆಂಡು ಲೆಕ್ಕಕ್ಕಿಲ್ಲವಂತೆ. ಕ್ರಿಕೆಟ್ಟಿನಲ್ಲಿ ಅದಕ್ಕೆ ಚಪ್ಪಾಳೆ ಬೀಳುತ್ತದೆ. ಯಾಕೆ ಹೀಗೆ ಎಂದು ಕೇಳಿದೆ. ಹಾಗೇ ಎಂದರು. ತಲೆ ಇನ್ನಷ್ಟು ಕೆಟ್ಟಿತು.

ಬೊರಿವಲಿಯಲ್ಲಿ ಇಳಿದಾಗ ಬಿಸಿಲು ಸುಡುತ್ತಿತ್ತು. ಚರ್ಚಿನ ಹಿಂದಿನ ಬಯಲು, ಸುತ್ತ ತಾಳೆಮರ. ಎದುರಾಳಿಗಳು ಅದೇ ಊರಿನ ಕ್ರೈಸ್ತ ಹುಡುಗರು. ಕೈ ಕೆಳಗಿನಿಂದ ಎಸೆಯಬೇಕಾದ ಚೆಂಡು ಅದೇನೋ ನನ್ನ ಮಾತು ಕೇಳಿತು. ಅವರ ಬ್ಯಾಟು ಗಾಳಿಗೆ ಬೀಸಿದ್ದೇ ಹೆಚ್ಚು.

ಆದರೂ ಕೊನೆಯ ಸರದಿಗೆ ನಾವು ಒಂದು ರನ್ ಹಿಂದೆ. ಇಬ್ಬರು ಔಟಾಗಿ ಬ್ಯಾಟು ನನ್ನ ಕೈಗೆ ಬಂತು. ಬೀಸಿದೆ. ಚೆಂಡು ತಾಳೆಮರಗಳೊಳಗೆ ಮಾಯವಾಯಿತು. ಕ್ರಿಕೆಟ್ಟಿನಲ್ಲಿ ಓಡುವಂತೆ ಬ್ಯಾಟು ಹಿಡಿದುಕೊಂಡೇ ಮೊದಲ ಬೇಸಿಗೆ, ಅಂದರೆ ಓಡಿ ಮುಟ್ಟಬೇಕಾದ ಮೊದಲ ಗುರುತಿಗೆ ಓಡಿದೆ, ಬ್ಯಾಟನ್ನು ಅಲ್ಲಿನ ಗೆರೆಗೆ ಮುಟ್ಟಿಸಿದೆ, ತಿರುಗಿ ಹೊರಟಲ್ಲಿಗೇ ಓಡಿ ಬಂದೆ. ಎರಡು ರನ್, ಗೆದ್ದೆವು ಎಂದು ಬ್ಯಾಟು ಎತ್ತಿ ತೋರಿಸಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚೆಂಡು ಹುಡುಕಿ ತಂದವನು ಅದನ್ನು ಯಾರಿಗೆ ಎಸೆಯಬೇಕೆಂದು ತಿಳಿಯದೆ ನಿಂತಿದ್ದ. ಅಂಪೈರ್ ಆಗಿ ನಿಂತಿದ್ದ ಆ ಊರಿನ ಮೇಷ್ಟರು ತಲೆ ಕೆರೆದುಕೊಂಡು ಔಟ್ ಎಂದರು. ಮೂರನೇ ಔಟಿಗೆ ಆಟ ಮುಗಿಯಿತು, ಸೋತೆವು. ಉಳಿದ ಎರಡು ಬೇಸುಗಳನ್ನೂ ಸುತ್ತಿ ಹೊರಟಲ್ಲಿಗೆ ಬಂದರೇ ಒಂದು ರನ್ ಎಂದು ಆಮೇಲೆ ಯಾರೋ ಹೇಳಿದರು. ಸುತ್ತಿ ಬರಲು ಬೇಕಾದಷ್ಟು ಹೊತ್ತಿತ್ತು. ನನಗೆ ಅಳು ಬಂದಂತಾಯಿತು.

ಹಿಂದಿರುಗುವಾಗ ಗಾಡಿಯಲ್ಲಿ ಎಲ್ಲರೂ ತುಳುವಿನಲ್ಲಿ ಮಾತಾಡಿ ನಗುತ್ತಿದ್ದರು. ನನ್ನ ಬಗ್ಗೆಯೋ ಬೇರೆ ಏನೋ, ತಿಳಿಯಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ದಾದರಿನಲ್ಲಿ ಮೊದಲೇ ಇಳಿದು ನಡೆದುಬಿಡಬೇಕೆಂದಿದ್ದೆ, ಶೀನಣ್ಣ ಸ್ಟೇಷನ್ನಿನ ಸೇತುವೆಯ ಮೇಲೆ ಹಿಡಿದು ನಿಲ್ಲಿಸಿದರು.

"ನಿಮ್ಮ ಬಾಲು ಅವರಿಗೆ ಹೊಡೀಲಿಕ್ಕೇ ಆಗ್ಲಿಲ್ಲ. ಬರುವ ಆದಿತ್ಯವಾರ ಸ್ವಲ್ಪ ಬೇಗ ಬನ್ನಿ ಮಾರಾಯ್ರೆ. ಓಡುದೊಂದು ಕಲಿಸುವ."

"ಬರ್ತೀನ್ರಿ" ಅಂದೆ. ಹಿಂದಿನಿಂದ ಯಾರೋ ತುಳುವಿನಲ್ಲಿ ಏನೋ ಅಂದರು, ಎಲ್ಲರೂ ನಕ್ಕರು. ಏನೂ ಅರ್ಥವಾಗದಿದ್ದರೂ ನಾನೂ ನಕ್ಕೆ.